ಮಾತು ಬಿಟ್ಟ ಬಾಲ್ಯದ ಗೆಳೆತನಕ್ಕೆ ದೂರದ ದಾರಿ: ಹೊರಡುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಗಳು ಒಂದುಗೂಡಿ ನಡೆಸುವ ಗುರುವಂದನೆ ಸಮಾರಂಭಗಳು ಕರ್ನಾಟಕದ ಸಣ್ಣ ಊರುಗಳಲ್ಲಿ ಈಗ ಸಾಮಾನ್ಯವಾಗಿದ್ದು, ಒಂದೇ ಬೆಂಚಿನಲ್ಲಿ ಕುಳಿತು ಓದಿ ಆಮೇಲೆ ಮಾತು ಬಿಟ್ಟ ಇಬ್ಬರು ಅಲ್ಲಿ ಗುಂಪುಚಿತ್ರದ ಎರಡು ತುದಿಗಳಲ್ಲಿ ನಿಂತು, ಊಟಕ್ಕೆ ಬೇರೆ ಬೇರೆ ಪಂಕ್ತಿ ಹಿಡಿದು, ಮೇಷ್ಟರ ಕಾಲಿಗೆ ಸರದಿಯಲ್ಲಿ ನಮಸ್ಕರಿಸಿ ಮನೆಗೆ ಮರಳುವುದೂ ಅಷ್ಟೇ ಸಾಮಾನ್ಯವಾಗಿದೆ. ಮಾತನಾಡಬೇಕೆಂಬ ಆಸೆ ಇಬ್ಬರಲ್ಲಿ ಒಬ್ಬರಿಗಾದರೂ ಇರುತ್ತದೆ, ಆದರೆ ಮೈಕಿನ ಗದ್ದಲದ ನಡುವೆ, ನಾಲ್ಕು ಜನ ನೋಡುತ್ತಿರುವಾಗ, ಹತ್ತು-ಹದಿನೈದು ವರ್ಷಗಳ ಮೌನವನ್ನು ಮುರಿಯುವುದು ಯಾರಿಗೂ ಸುಲಭವಲ್ಲವಾದ್ದರಿಂದ ಮಾತು "ಆರಾಮಾ?" ಎಂಬಲ್ಲಿ ಹುಟ್ಟಿ "ಹ್ಞೂಂ, ನಡೀತಿದೆ" ಎಂಬಲ್ಲಿ ಮುಗಿಯುತ್ತದೆ. ಫೋನಿನ ಕರೆಯಿಂದಲೂ ಈ ತೊಡಕು ಬಿಡುವುದಿಲ್ಲ, ಏಕೆಂದರೆ ಕರೆಯಲ್ಲಿ ಮಾತು ನಿಂತರೆ ಕರೆಯೇ ನಿಂತಂತೆ.

ಹೀಗೆ ದೂರವಾದವರು ಒಂದೇ ಕಾರಿನಲ್ಲಿ ಮೂರು-ನಾಲ್ಕು ದಿನ ರಸ್ತೆಯ ಮೇಲಿರುವುದು ಈ ತೊಡಕಿಗೆ ಒಂದು ನಿಜವಾದ ಪರಿಹಾರವಾಗಬಲ್ಲದು, ಆದರೆ ಕ್ರಮ ತಪ್ಪಿದರೆ ಅದೇ ಪ್ರವಾಸ ಉಳಿದಿದ್ದ ಅಲ್ಪಸ್ವಲ್ಪ ವಿಶ್ವಾಸವನ್ನೂ ಕೆಡಿಸಬಲ್ಲದು. ಹಳೆಯ ಜಗಳದ ಮಾತು ಮೊದಲ ದಿನಕ್ಕೆ ತೀರ ಬೇಗವಾಗುತ್ತದೆ, ಕೊನೆಯ ದಿನಕ್ಕೆ ತೀರ ತಡವಾಗುತ್ತದೆ. ಆ ಮಾತಿಗೆ ನಡುವಿನ ಒಂದು ಸಂಜೆಯನ್ನು ತೆರವು ಮಾಡಿಕೊಡುವುದೇ ಈ ಲೇಖನ ಸೂಚಿಸುವ ಯೋಜನೆಯ ತಿರುಳು, ಉಳಿದ ಸಿದ್ಧತೆಯೆಲ್ಲವೂ ಅದಕ್ಕೆ ಪೂರಕ.

ಕಾರಿನಲ್ಲಿ ಮಾತು ಹುಟ್ಟುವುದೇಕೆ?

ಅಮೆರಿಕದ ಮನೋವಿಜ್ಞಾನಿ ಪಾಲ್ ರೈಟ್ 1982ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಸ್ನೇಹದ ಎರಡು ರೂಢಿಗಳನ್ನು ಗುರುತಿಸಿದರು: ಎದುರುಬದುರು ಕುಳಿತು ಪರಸ್ಪರರ ವಿಷಯವನ್ನೇ ಮಾತನಾಡುವ ಮುಖಾಮುಖಿ ಸ್ನೇಹ ಒಂದು, ಪಕ್ಕಪಕ್ಕದಲ್ಲಿದ್ದು ಮೂರನೆಯ ಯಾವುದೋ ಕೆಲಸದಲ್ಲಿ ತೊಡಗಿ ಅದರ ನಡುನಡುವೆ ಮಾತನಾಡುವ ಜೊತೆಜೊತೆಯ ಸ್ನೇಹ ಇನ್ನೊಂದು. ಮೊದಲನೆಯದನ್ನು ಹೆಂಗಸರಿಗೂ ಎರಡನೆಯದನ್ನು ಗಂಡಸರಿಗೂ ಹೊಂದಿಸುವ ವಾಡಿಕೆ ಇದೆಯಾದರೂ, ಸ್ನೇಹ ಹಳೆಯದೂ ಗಟ್ಟಿಯೂ ಆದಷ್ಟೂ ಈ ಭೇದ ತೆಳುವಾಗುತ್ತದೆ ಎಂಬುದನ್ನೂ ಅವರೇ ಗಮನಿಸಿದ್ದರು. ಮಾತು ಬಿಟ್ಟವರಿಗೆ ಮುಖಾಮುಖಿ ಕುಳಿತುಕೊಳ್ಳುವುದೇ ಕಷ್ಟ. ಕಣ್ಣು ತಪ್ಪಿಸಿದರೆ ಅಪರಾಧಿಯಂತೆ, ನೆಟ್ಟು ನೋಡಿದರೆ ವಿಚಾರಣೆಯಂತೆ ಕಾಣುತ್ತದೆ. ಕಾರಿನ ಮುಂದಿನ ಎರಡು ಆಸನಗಳು ಊರಿನ ಅರಳಿಕಟ್ಟೆಯ ಹಾಗೆ, ಅಲ್ಲಿ ಕುಳಿತವರ ದೃಷ್ಟಿ ಸಹಜವಾಗಿಯೇ ರಸ್ತೆಯ ಕಡೆಗಿರುತ್ತದೆ.

ಎರಡನೆಯ ಕಾರಣ, ಚಲಿಸುವ ವಾಹನದಲ್ಲಿ ಸುಮ್ಮನಿರುವುದು ಅಸಭ್ಯವೆನಿಸುವುದಿಲ್ಲ. ಅರ್ಧ ಗಂಟೆ ಮಾತಿಲ್ಲದೆ ಕಳೆದರೂ ಕಾರು ಮುಂದಕ್ಕೆ ಹೋಗುತ್ತಲೇ ಇರುವುದರಿಂದ ಯಾರೂ ಏನನ್ನೂ ವಿವರಿಸಬೇಕಾಗಿಲ್ಲ. ಮೂರನೆಯದು ಸಣ್ಣಪುಟ್ಟ ಜಂಟಿ ಕೆಲಸಗಳ ಪ್ರಭಾವ. ಟೋಲ್ ಗೇಟಿನಲ್ಲಿ ಯಾವ ಸಾಲು ಹಿಡಿಯಬೇಕು, ಕಾಫಿಗೆ ಎಲ್ಲಿ ನಿಲ್ಲಬೇಕು, ಲಾರಿಯನ್ನು ಹಿಂದೆ ಹಾಕಲು ಈಗ ಜಾಗವಿದೆಯೇ ಎಂಬಂಥ ನೂರಾರು ಕಿರುನಿರ್ಧಾರಗಳನ್ನು ಇಬ್ಬರೂ ಕೂಡಿ ತೆಗೆದುಕೊಳ್ಳುತ್ತ ಹೋದಂತೆ, ಸ್ನೇಹವೆಂಬ ಹೆಸರನ್ನೆತ್ತದೆಯೇ ಪರಸ್ಪರ ನಂಬುವ ಅಭ್ಯಾಸ ಮರಳುತ್ತದೆ.

ಕರೆಯುವ ಸಂಕೋಚದ ಬಗ್ಗೆಯೂ ಒಂದು ಮಾತು ಹೇಳಬೇಕು. ಪೆಗ್ಗಿ ಲಿಯು ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಅನಿರೀಕ್ಷಿತವಾಗಿ ಬಂದ ಒಂದು ಕ್ಷೇಮ ವಿಚಾರಣೆಯ ಸಂದೇಶವನ್ನು ಪಡೆದವರು ಎಷ್ಟು ಮೆಚ್ಚುತ್ತಾರೆಂಬುದನ್ನು ಕಳಿಸುವವರು ಸಾಮಾನ್ಯವಾಗಿ ಕಡಿಮೆಯಾಗಿಯೇ ಅಂದಾಜು ಮಾಡುತ್ತಾರೆ. ಲಾರಾ ಅಕ್ನಿನ್ ಮತ್ತು ಗಿಲಿಯನ್ ಸ್ಯಾಂಡ್‌ಸ್ಟ್ರಾಮ್ 2024ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಂತೂ, ಹಳೆಯ ಗೆಳೆಯರ ನಂಬರು ಕೈಯಲ್ಲಿದ್ದು, ಬರೆಯಲು ಸಮಯವನ್ನೂ ಕೊಟ್ಟಿದ್ದರೂ, ಸಂದೇಶವನ್ನು ನಿಜಕ್ಕೂ ಕಳಿಸಿದವರು ಮೂರರಲ್ಲೊಂದು ಪಾಲಿಗಿಂತ ಕಡಿಮೆ. ಮೊದಲು ಕೆಲವು ನಿಮಿಷ ಈಗಿನ ಗೆಳೆಯರಿಗೆ ಸಂದೇಶ ಕಳಿಸಿ ಕೈ ಪಳಗಿಸಿಕೊಂಡವರು ಆಮೇಲೆ ಹಳೆಯವರಿಗೆ ಬರೆಯುವುದು ಹೆಚ್ಚೆಂಬುದು ಅದೇ ಅಧ್ಯಯನದ ಉಪಯುಕ್ತ ಫಲಿತಾಂಶ. ಆದರೆ ಆ ಪ್ರಯೋಗಗಳು, ತಮ್ಮ ಸಂದೇಶ ಬಂದರೆ ಸಂತೋಷಪಡಬಹುದೆಂದು ಭಾಗವಹಿಸಿದವರು ಭಾವಿಸಿದ ಗೆಳೆಯರನ್ನೇ ಕುರಿತಿದ್ದವಾದ್ದರಿಂದ, ಜಗಳವಾಡಿ ಅಗಲಿದವರಿಗೆ ಅವುಗಳ ಭರವಸೆಯನ್ನು ಪೂರ್ತಿ ಅನ್ವಯಿಸಿಕೊಳ್ಳುವುದು ಜಾಣತನವಲ್ಲ.

ಹೊರಡುವ ಮುನ್ನ

1. ದೂರವಾದ ಬಗೆಯನ್ನು ಗುರುತಿಸಿಕೊಳ್ಳಬೇಕು. ಬಾಲ್ಯದ ಗೆಳೆತನ ಮುರಿಯುವುದು ಮುಖ್ಯವಾಗಿ ಮೂರು ರೀತಿಗಳಲ್ಲಿ. ಮೊದಲನೆಯದು ಸವೆತ, ಒಬ್ಬರು ಪಿಯುಸಿಗೆ ಹೊರಗೆ ಹೋಗಿ, ಕೆಲಸಕ್ಕೆ ಬೆಂಗಳೂರೋ ಪುಣೆಯೋ ಸೇರಿ, ಇನ್ನೊಬ್ಬರು ಊರಲ್ಲೇ ಉಳಿದು, ಯಾವ ಜಗಳವೂ ಇಲ್ಲದೆ ಹಬ್ಬದ ಶುಭಾಶಯವೂ ನಿಂತುಹೋಗಿರುತ್ತದೆ. ಎರಡನೆಯದು ಮುನಿಸು, ಮದುವೆಗೆ ಪತ್ರಿಕೆ ಕೊಟ್ಟು ಕರೆಯದಿದ್ದದ್ದು, ತಂದೆ ತೀರಿಕೊಂಡಾಗ ಬಾರದಿದ್ದದ್ದು, ಪ್ರೀತಿಯ ವಿಷಯವನ್ನು ಮನೆಯವರಿಗೆ ಹೇಳಿಬಿಟ್ಟದ್ದು, ಚುನಾವಣೆಯ ಕಾಲದಲ್ಲಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಆಡಿದ ಒಂದು ಮಾತು ಮುಂತಾದವು ಇದರ ಕಾರಣಗಳು. ಮೂರನೆಯದು ಲೆಕ್ಕ, ಕೈಗಡ, ಚೀಟಿ, ಬ್ಯಾಂಕಿನ ಸಾಲಕ್ಕೆ ಹಾಕಿದ ಜಾಮೀನಿನ ಸಹಿ, ಪಾಲುದಾರಿಕೆಯಲ್ಲಿ ತೆಗೆದುಕೊಂಡ ನಿವೇಶನ. ಸವೆತಕ್ಕೆ ಪ್ರವಾಸ ನೇರವಾಗಿ ನೆರವಾಗುತ್ತದೆ, ಮುನಿಸಿಗೆ ಸಿದ್ಧತೆಯೊಡನೆ ನೆರವಾಗುತ್ತದೆ. ಲೆಕ್ಕದ ವಿಷಯದಲ್ಲಿ ಮಾತ್ರ ಮೊದಲು ಲೆಕ್ಕ, ಆಮೇಲೆ ಪ್ರವಾಸ. ಬಾಕಿ ಉಳಿಸಿಕೊಂಡವರು ಒಂದು ಪಾಲನ್ನಾದರೂ ಹೊರಡುವ ಮೊದಲೇ ತೀರಿಸದೆ, ಉಳಿದದ್ದಕ್ಕೆ ದಿನಾಂಕ ಹೇಳದೆ ಕಾರು ಹತ್ತಿದರೆ, ದಾರಿಯುದ್ದಕ್ಕೂ ಪ್ರತಿಯೊಂದು ಹೋಟೆಲ್ ಬಿಲ್ಲೂ ಆ ಬಾಕಿಯನ್ನೇ ನೆನಪಿಸುತ್ತದೆ.

ಹೆಂಗಸರ ಗೆಳೆತನಕ್ಕೆ ಈ ವಿಂಗಡಣೆ ಸರಿಯಾಗಿ ಹೊಂದುವುದಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಅವರಲ್ಲಿ ಬಹುಪಾಲು ಅಗಲಿಕೆಗಳು ಜಗಳದಿಂದ ಆದವಲ್ಲ. ಮದುವೆಯಾಗಿ ಊರು ಬದಲಾಗಿ, ಎಷ್ಟೋ ಸಲ ಹೆಸರಿನ ಜೊತೆಗಿನ ಹೆಸರೂ ಬದಲಾಗಿ, ಗೆಳತಿಯನ್ನು ಹುಡುಕುವುದೇ ಕಷ್ಟವಾಗಿರುತ್ತದೆ, ಮತ್ತು ಇನ್ನೊಬ್ಬಳು ಅದನ್ನು, ತನ್ನನ್ನು ಮರೆತುಬಿಟ್ಟಳೆಂಬ ಉಪೇಕ್ಷೆಯಾಗಿ ಭಾವಿಸಿರುತ್ತಾಳೆ. ಇಂಥಲ್ಲಿ ತವರುಮನೆಯ ಮೂಲಕ, ಅಂದರೆ ಅಣ್ಣ ಅಥವಾ ತಾಯಿಯಿಂದ ನಂಬರು ಪಡೆಯುವುದೇ ಹೆಚ್ಚು ಫಲಕಾರಿ. ನಾಲ್ಕು ದಿನ ಮನೆ ಬಿಟ್ಟು ಹೊರಡುವುದಕ್ಕೆ ಮನೆಯವರ ಒಪ್ಪಿಗೆ, ಮಕ್ಕಳ ಪರೀಕ್ಷೆ, ಅತ್ತೆಯವರ ಔಷಧಿಯ ವೇಳೆ ಇವನ್ನೆಲ್ಲ ಹೊಂದಿಸಬೇಕಾದ ಹೊರೆ ಗಂಡಸರ ಪ್ರವಾಸಕ್ಕೆ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ, ದಿನಾಂಕ ಪದೇಪದೇ ಮುಂದಕ್ಕೆ ಹೋದರೆ ಅದನ್ನು ನಿರಾಸಕ್ತಿಯೆಂದು ಓದಬಾರದು.

2. ಮೊದಲ ಸಂದೇಶವನ್ನು ಚಿಕ್ಕದಾಗಿ, ನೇರವಾಗಿ, ಬಾಲ್ಯದಲ್ಲಿ ಕರೆಯುತ್ತಿದ್ದ ರೀತಿಯಲ್ಲೇ ಬರೆಯಬೇಕು. "ನಿನ್ನ ಜೊತೆ ತುಂಬಾ ಮಾತಾಡೋದಿದೆ" ಎಂಬ ಒಕ್ಕಣೆ ಓದಿದವರಲ್ಲಿ ಆತಂಕ ಹುಟ್ಟಿಸುತ್ತದೆ. ತಪ್ಪೊಪ್ಪಿಗೆ, ಕ್ಷಮೆ, ವಿವರಣೆಗಳನ್ನೆಲ್ಲ ತುಂಬಿದ ಉದ್ದನೆಯ ಪತ್ರ ಉತ್ತರಿಸಲಾಗದಷ್ಟು ಭಾರವಾಗುತ್ತದೆ. ಒಂದು ವಸ್ತು, ಒಂದು ನೆನಪು, ಒಂದು ಪ್ರಶ್ನೆ ಇಷ್ಟು ಸಾಕು. ಹಾವೇರಿ ಕಡೆಯ ಇಬ್ಬರಾದರೆ, "ಮೊನ್ನೆ ಊರಿಗೆ ಹೋಗಿದ್ದೆ. ನಮ್ಮ ಸಾಲಿ ಗೇಟು ಇನ್ನೂ ಹಂಗ ಐತಿ, ಅರ್ಧ ಮುಚ್ಚತೈತಿ ಅರ್ಧ ಮುಚ್ಚಂಗಿಲ್ಲ. ನೀ ನೆನಪಾದಿ. ಹೆಂಗದಿಯೋ?" ಎಂಬಷ್ಟು. ಈ ಸಂದೇಶವನ್ನು ಗುಂಪಿನಲ್ಲಿ ಹಾಕಬಾರದು, ಮಧ್ಯಸ್ಥರ ಕೈಯಲ್ಲಿ ಹೇಳಿ ಕಳಿಸಬಾರದು. ನೀಲಿ ಗುರುತು ಬಿದ್ದು ಎರಡು ವಾರ ಕಳೆದರೂ ಉತ್ತರ ಬಾರದಿದ್ದರೆ ಇನ್ನೊಂದು ಸಲ, ಯಾವುದಾದರೂ ಹಬ್ಬದ ನೆಪದಲ್ಲಿ, ವಿಚಾರಿಸಬಹುದು; ಮೂರನೆಯ ಸಲ ಬೇಡ.

3. ಮೊದಲು ಸಣ್ಣ ದಾರಿ. ವರ್ಷಗಟ್ಟಲೆ ಭೇಟಿಯಾಗದವರು ನೇರವಾಗಿ ಸಾವಿರ ಕಿಲೋಮೀಟರಿಗೆ ಹೊರಡುವುದು ದುಡುಕು. ಬೆಂಗಳೂರಿನಿಂದ ದೇವರಾಯನದುರ್ಗ, ಹುಬ್ಬಳ್ಳಿಯಿಂದ ದಾಂಡೇಲಿ, ಮೈಸೂರಿನಿಂದ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಇಂಥ ಬೆಳಗ್ಗೆ ಹೋಗಿ ಸಂಜೆಗೆ ಮರಳುವ ಪ್ರವಾಸದಲ್ಲಿ, ಇಬ್ಬರೂ ಒಂದೇ ವಾಹನದಲ್ಲಿ ಸಹಿಸಿಕೊಂಡು ಇರಬಲ್ಲರೇ, ಯಾರು ಎಷ್ಟು ವೇಗವಾಗಿ ಓಡಿಸುತ್ತಾರೆ, ಎಷ್ಟು ಹೊತ್ತಿಗೆ ಹಸಿವಾಗುತ್ತದೆ ಎಂಬುದು ತಿಳಿದುಹೋಗುತ್ತದೆ.

4. ಖರ್ಚಿನ ಒಪ್ಪಂದ ಮೊದಲೇ ಆಗಬೇಕು. ಶಾಲೆಯಲ್ಲಿ ಇಬ್ಬರದೂ ಒಂದೇ ಬಣ್ಣದ ಸಮವಸ್ತ್ರವಾಗಿದ್ದರೂ ಈಗ ಒಬ್ಬರು ಸಾಫ್ಟ್‌ವೇರ್ ಕಂಪನಿಯಲ್ಲಿ, ಇನ್ನೊಬ್ಬರು ಊರಿನ ಕಿರಾಣಿ ಅಂಗಡಿಯಲ್ಲಿ ಇರಬಹುದು. ಅಂಗಡಿ ನಾಲ್ಕು ದಿನ ಮುಚ್ಚಿದರೆ ಆಗುವ ನಷ್ಟ ಸಂಬಳದ ರಜೆಗೆ ಇಲ್ಲ. ಆದ್ದರಿಂದ ವಸತಿಗೃಹದ ದರವನ್ನು ಕಡಿಮೆ ಆದಾಯದವರು ಆರಿಸುವುದು, ಹೊರಡುವ ದಿನವೇ ಇಬ್ಬರೂ ಸಮಪಾಲು ಹಣವನ್ನು ಒಂದು ಚೀಲದಲ್ಲಿ ಹಾಕಿ ಊಟ-ಕಾಫಿಯನ್ನೆಲ್ಲ ಅದರಿಂದಲೇ ಕೊಡುವುದು, ಡೀಸೆಲ್ ಮತ್ತು ಫಾಸ್ಟ್ಯಾಗ್ ವೆಚ್ಚವನ್ನು ಕೊನೆಯಲ್ಲಿ ಹಂಚಿಕೊಳ್ಳುವುದು ಒಳ್ಳೆಯ ಪದ್ಧತಿ. ಕೈಗೆಟುಕುವುದಾದರೆ ಬೇರೆ ಬೇರೆ ಕೋಣೆ ಹಿಡಿಯುವುದು ಉತ್ತಮ. ಗೊರಕೆ, ಮನೆಗೆ ಮಾಡುವ ಫೋನು, ದಿನವಿಡೀ ಮಾತಾಡಿದ ಮೇಲೆ ಬೇಕಾಗುವ ಒಂಟಿತನ ಇವು ಮೂರೂ ಅದಕ್ಕೆ ಸಾಕಷ್ಟು ಕಾರಣಗಳು.

ದಾರಿಯ ಆಯ್ಕೆ: ಒಂದು ಮಾದರಿ

ಬೆಂಗಳೂರಿನಿಂದ ಹೊರಡುವವರಿಗೆ ಸುಮಾರು ಸಾವಿರ ಕಿಲೋಮೀಟರಿನ, ನಾಲ್ಕು ದಿನದ ಒಂದು ಸುತ್ತನ್ನು ಇಲ್ಲಿ ಉದಾಹರಿಸಬಹುದು. ಮೊದಲ ದಿನ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ ದಾಟಿ ಹುಬ್ಬಳ್ಳಿಯವರೆಗೆ ಸುಮಾರು 410 ಕಿಲೋಮೀಟರು. ಎರಡನೆಯ ದಿನ 52ನೇ ಹೆದ್ದಾರಿಯಲ್ಲಿ ಕಲಘಟಗಿ, ಯಲ್ಲಾಪುರ, ಅರಬೈಲು ಘಟ್ಟದ ಮೂಲಕ ಅಂಕೋಲೆಗೆ ಇಳಿದು, ಮಧ್ಯಾಹ್ನದ ಹೊತ್ತಿಗೆ ಕುಮಟಾ ಅಥವಾ ಗೋಕರ್ಣ. ಮೂರನೆಯ ದಿನ ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟ ಹತ್ತಿ, ಶರಾವತಿ 253 ಮೀಟರು ಧುಮುಕುವ ಜೋಗವನ್ನು ನೋಡಿಕೊಂಡು, ಸಾಗರದ ಮೇಲೆ ಶಿವಮೊಗ್ಗ. ನಾಲ್ಕನೆಯ ದಿನ ಕಡೂರು, ಅರಸೀಕೆರೆ, ತಿಪಟೂರಿನ ದಾರಿಯಲ್ಲಿ ಬೆಂಗಳೂರು.

ಈ ಸುತ್ತಿನ ಗುಣವಿರುವುದು ನೋಡುವ ಜಾಗಗಳಿಗಿಂತ ಹೆಚ್ಚಾಗಿ ಅದರ ದೂರಗಳ ಹಂಚಿಕೆಯಲ್ಲಿ. ಮೊದಲ ದಿನ ಹೆದ್ದಾರಿಯ ನೇರ ರಸ್ತೆಯಲ್ಲಿ ಉದ್ದನೆಯ ಓಟವಿರುವುದರಿಂದ ಮಾತು ತಾನಾಗಿ ಬಂದಷ್ಟು ಬರುತ್ತದೆ. ಎರಡನೆಯ ದಿನ ಚಾಲನೆ ಕಡಿಮೆ, ಸಂಜೆ ಪೂರ್ತಿ ಬಿಡುವು, ಕಾರಿನ ಕೀಲಿ ಕೋಣೆಯಲ್ಲಿ, ಎದುರಿಗೆ ಕಡಲ ದಂಡೆ. ಕಷ್ಟದ ಮಾತಿಗೆ ಮೀಸಲಾದ ಸಂಜೆ ಇದೇ. ಮೂರನೆಯ ದಿನದ ಘಟ್ಟದ ತಿರುವುಗಳೂ ಜಲಪಾತವೂ ಆ ಮಾತಿನ ಬಿಗುವನ್ನು ಸಡಿಲಿಸುತ್ತವೆ, ಮತ್ತು ಮಾತು ಕೆಟ್ಟಿದ್ದರೂ ಅದನ್ನು ಸ್ವಲ್ಪ ತಿದ್ದಿಕೊಳ್ಳಲು ಇನ್ನೂ ಒಂದೂವರೆ ದಿನ ಉಳಿದಿರುತ್ತದೆ. ಕಲಬುರಗಿ, ಬೀದರ್, ಮಂಗಳೂರು ಕಡೆಯವರು ತಮ್ಮ ದಾರಿಯನ್ನು ಇದೇ ಹಂಚಿಕೆಯಲ್ಲಿ ರೂಪಿಸಿಕೊಳ್ಳಬಹುದು.

ಹುಟ್ಟಿದ ಊರು ದಾರಿಯಲ್ಲಿದ್ದರೆ ಅಲ್ಲಿ ಒಂದು ಗಂಟೆ ನಿಲ್ಲುವುದು ಸಾಕು, ಅದೂ ಮರಳುವಾಗ. ಹೋಗುವಾಗಲೇ ಊರು ಹೊಕ್ಕರೆ ಬಂಧುಗಳ ಮನೆಯ ಊಟ, ಕುಶಲೋಪರಿ, "ಅಂತೂ ನೀವಿಬ್ರೂ ಒಂದಾದ್ರಲ್ಲ" ಎಂಬ ಸಾರ್ವಜನಿಕ ಘೋಷಣೆ ಇವುಗಳ ನಡುವೆ ಇನ್ನೂ ಆಗದ ರಾಜಿಗೆ ಇಬ್ಬರೂ ನಗುನಗುತ್ತ ಸಹಿ ಹಾಕಬೇಕಾಗುತ್ತದೆ.

ದಾರಿಯಲ್ಲಿನ ಮಾತು

ಮೊದಲ ದಿನ ನೆನಪುಗಳನ್ನು ಕೆದಕುವುದಕ್ಕಿಂತ ಕಾಣದೆ ಕಳೆದ ವರ್ಷಗಳನ್ನು ತಿಳಿದುಕೊಳ್ಳುವುದು ಮುಖ್ಯ. ಕೊಡಗಿನ ಶಾಲಾ ಪ್ರವಾಸವನ್ನೂ ಲೆಕ್ಕದ ಮೇಷ್ಟರ ಬೆತ್ತವನ್ನೂ ನೆನೆದು ನಗುವುದು ಸುಲಭವಾದರೂ ಆ ಸರಕು ಸಿರಾ ದಾಟುವಷ್ಟರಲ್ಲಿ ಮುಗಿದುಹೋಗುತ್ತದೆ. ಮುಗಿದ ಮೇಲೆ, ಪಕ್ಕದಲ್ಲಿರುವುದು ಹದಿನಾಲ್ಕು ವರ್ಷದ ಹುಡುಗನಲ್ಲ, ಪರಿಚಯವಿಲ್ಲದ ನಡುವಯಸ್ಕ ಎಂಬುದು ಇದ್ದಕ್ಕಿದ್ದಂತೆ ಅರಿವಿಗೆ ಬರುತ್ತದೆ. ಅಂಗಡಿ ತೆಗೆಯುವುದು ಎಷ್ಟು ಹೊತ್ತಿಗೆ, ತಾಯಿಯ ಮಂಡಿನೋವು ಹೇಗಿದೆ, ಮಗಳು ಏನು ಓದುತ್ತಿದ್ದಾಳೆ ಎಂಬಂಥ ಇಂದಿನ ದಿನಚರಿಯ ಪ್ರಶ್ನೆಗಳು ಈ ಅಪರಿಚಿತನನ್ನು ಪರಿಚಯಿಸುತ್ತವೆ.

ಕೇಳುವುದರ ಜೊತೆಗೆ ಕಣ್ಣಿಟ್ಟು ನೋಡುವುದೂ ಬೇಕು. ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿಂದು ಬೈ-ಟು ಕಾಫಿ ಹೇಳಿದಾಗ, ಹಿಂದೆ ಮೂರು ಚಮಚ ಸಕ್ಕರೆ ಸುರಿದುಕೊಳ್ಳುತ್ತಿದ್ದವನು ಸಕ್ಕರೆಯ ಬಟ್ಟಲನ್ನು ಮೆಲ್ಲಗೆ ಆಚೆ ಸರಿಸಿ, ಅಂಗಿಯ ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು, ಅರ್ಧ ಮುರಿದ ಒಂದನ್ನು ನೀರಿನೊಡನೆ ನುಂಗುವುದು ಕಾಣಬಹುದು. ಅಲ್ಲಿಗೆ ಹತ್ತು ವರ್ಷದ ಒಂದು ಅಧ್ಯಾಯ ಗೊತ್ತಾದಂತಾಯಿತು. ಅದನ್ನು ತಮಾಷೆ ಮಾಡದೆ, ಉಪದೇಶವನ್ನೂ ಕೊಡದೆ, ಮುಂದಿನ ನಿಲುಗಡೆಯಲ್ಲಿ ಊಟದ ಹೊತ್ತು ತಪ್ಪದಂತೆ ನೋಡಿಕೊಂಡರೆ ಅದೇ ಸ್ನೇಹದ ಮೊದಲ ಕೆಲಸ.

ಎರಡನೆಯ ದಿನದ ಸಂಜೆ ಹಳೆಯ ವಿಷಯವನ್ನು ಎತ್ತುವ ಕ್ರಮ ಹೀಗಿರಬಹುದು:

1. ಮೊದಲು ಅನುಮತಿ ಕೇಳುವುದು. "ಆ ಸೈಟಿನ ವಿಷಯ ಸ್ವಲ್ಪ ಮಾತಾಡೋಣವಾ, ಇಲ್ಲ ಬೇಡವಾ?" ಎಂದು ಕೇಳಿದಾಗ ಬೇಡವೆನ್ನುವ ಹಕ್ಕು ಇನ್ನೊಬ್ಬರಿಗೆ ನಿಜವಾಗಿಯೂ ಇರಬೇಕು. "ಅಂಥದ್ದೇನಿಲ್ಲ ಬಿಡು" ಎಂಬ ಉತ್ತರ ಬಂದರೆ ಒತ್ತಾಯಿಸಬಾರದು. ಅದು ಮುಗಿಯಿತೆಂಬ ಅರ್ಥದ್ದೂ ಆಗಿರಬಹುದು, ಇನ್ನೂ ಸಮಯ ಬೇಕೆಂಬ ಅರ್ಥದ್ದೂ ಆಗಿರಬಹುದು.

2. ತನ್ನ ಪಾಲಿನ ತಪ್ಪನ್ನು ಮೊದಲು, ಅದರ ಹೆಸರು ಹಿಡಿದು ಹೇಳುವುದು. "ನಿನಗೆ ಬೇಜಾರಾಗಿದ್ದರೆ ಸಾರಿ" ಎಂಬುದು ಕ್ಷಮೆಯಲ್ಲ, ಬೇಜಾರಾದವರ ಮೇಲೆಯೇ ಹೊರಿಸಿದ ಷರತ್ತು. "ನಿಮ್ಮಪ್ಪ ತೀರಿಕೊಂಡಾಗ ಗೊತ್ತಾಗಿಯೂ ನಾನು ಬರಲಿಲ್ಲ, ಅದು ತಪ್ಪು" ಎಂಬ ವಾಕ್ಯದಲ್ಲಿ ಮಾಡಿದ ಕೆಲಸ, ಮಾಡಿದವರು, ಅದರ ತೂಕ ಮೂರೂ ಇವೆ. ಬಾರದಿರಲು ಕಾರಣವಿದ್ದರೂ ಅದನ್ನು ಅದೇ ಉಸಿರಿನಲ್ಲಿ ಸೇರಿಸಬಾರದು. ಕೇಳಿದರೆ ಆಮೇಲೆ ಹೇಳಬಹುದು.

3. ಎರಡು ಕಥನಗಳಿಗೂ ಜಾಗ ಬಿಡುವುದು. ಕೇಂಬ್ರಿಜ್‌ನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ 1932ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ತೋರಿಸಿಕೊಟ್ಟಂತೆ, ನೆನಪೆನ್ನುವುದು ಕಪಾಟಿನಿಂದ ತೆಗೆದ ಕಾಗದವಲ್ಲ, ಪ್ರತಿ ಸಲವೂ ಈಗಿನ ತಿಳಿವಳಿಕೆಗೆ ತಕ್ಕಂತೆ ಹೊಸದಾಗಿ ಕಟ್ಟಿಕೊಳ್ಳುವ ರಚನೆ. ಇದನ್ನು ಪುನರ್ರಚನಾತ್ಮಕ ಸ್ಮೃತಿ ಎನ್ನಬಹುದು. ಹೀಗಾಗಿ ಇಬ್ಬರೂ ಪ್ರಾಮಾಣಿಕರಾಗಿದ್ದು, ಇಬ್ಬರ ವಿವರಗಳೂ ಬೇರೆ ಬೇರೆಯಾಗಿರುವುದು ಸಾಧ್ಯ. ಯಾರು ಮೊದಲು ಫೋನು ಕಟ್ ಮಾಡಿದರು ಎಂಬುದನ್ನು ಗೋಕರ್ಣದ ಮರಳಿನಲ್ಲಿ ಕುಳಿತು ಇತ್ಯರ್ಥ ಮಾಡಲು ಹೊರಡುವುದು ವ್ಯರ್ಥ. ಆಗ ಇಬ್ಬರಿಗೂ ಏನನಿಸಿತು ಎಂಬುದನ್ನು ಮಾತ್ರ ಕೇಳಿಸಿಕೊಂಡರೆ ಸಾಕು.

4. ನಿಲ್ಲಿಸುವುದನ್ನು ತಿಳಿದಿರುವುದು. ಒಂದು ಗಂಟೆಯೊಳಗೆ ಆ ಮಾತನ್ನು ಮುಗಿಸಿ ಊಟಕ್ಕೆ ಏಳಬೇಕು. ಅರ್ಧಕ್ಕೆ ನಿಂತರೂ ಅಡ್ಡಿಯಿಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಎಲ್ಲಕ್ಕಿಂತ ದೊಡ್ಡ ತಪ್ಪು, ಬಾಲ್ಯದ ಮಾತನ್ನು ಸಾಲಪತ್ರದಂತೆ ಮುಂದಿಡುವುದು. ಮಹಾಭಾರತದ ಆದಿಪರ್ವದಲ್ಲಿ ದ್ರೋಣ-ದ್ರುಪದರ ಪ್ರಸಂಗ ಇದಕ್ಕೆ ಉತ್ತಮ ನಿದರ್ಶನ: ಗುರುಕುಲದ ಗೆಳೆಯನನ್ನು ಸಖನೆಂದು ಕರೆದು ಆಸ್ಥಾನಕ್ಕೆ ಬಂದ ಬಡ ದ್ರೋಣನಿಗೆ, ಗೆಳೆತನವೆಂಬುದು ಸಮಾನರ ನಡುವೆ ಮಾತ್ರ ಎಂದು ದ್ರುಪದ ಹೇಳಿದ, ಒಬ್ಬ ಹಳೆಯದನ್ನು ಬಾಕಿಯೆಂದು ಭಾವಿಸಿದ, ಇನ್ನೊಬ್ಬ ಹಳೆಯದು ಇರಲೇ ಇಲ್ಲವೆಂಬಂತೆ ವರ್ತಿಸಿದ, ಪರಿಣಾಮವಾಗಿ ದ್ರುಪದನ ಅರ್ಧ ರಾಜ್ಯ ಕೈಬಿಟ್ಟು ಹಗೆ ಮುಂದಿನ ಪೀಳಿಗೆಗೂ ಹಬ್ಬಿತು. ದ್ರುಪದನನ್ನು ಮಾತ್ರ ದೂರುವುದು ರೂಢಿಯಾದರೂ ಪ್ರಸಂಗದಲ್ಲಿ ತಪ್ಪು ಎರಡೂ ಕಡೆಗಿದೆ. ಅವಲಕ್ಕಿಯ ಗಂಟನ್ನು ಹಿಡಿದು ಹೋದ ಕುಚೇಲ ಬಾಯಿಬಿಟ್ಟು ಏನನ್ನೂ ಕೇಳಲಿಲ್ಲವೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಪ್ರವಾಸದ ಕೊನೆಯಲ್ಲಿ ವಿಮೆಯ ಪಾಲಿಸಿ, ಮಗನಿಗೆ ಕೆಲಸ, ಹೂಡಿಕೆಯ ಯೋಜನೆ ಇವುಗಳ ಪ್ರಸ್ತಾಪ ಬಂದರೆ ನಾಲ್ಕು ದಿನದ ಮಾತೆಲ್ಲ ಅದರ ಪೀಠಿಕೆಯಾಗಿತ್ತೆಂಬ ಸಂಶಯ ಹುಟ್ಟುವುದು ಖಂಡಿತ.

ಎರಡನೆಯ ತಪ್ಪು ಮೂರನೆಯವರನ್ನು ಕರೆದೊಯ್ಯುವುದು. ಬಿಗುವು ಕಡಿಮೆಯಾಗಲೆಂದು ಇನ್ನೊಬ್ಬ ಸಹಪಾಠಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡರೆ, ಇಬ್ಬರೂ ಅವನೊಡನೆ ಮಾತನಾಡುತ್ತಾರೆಯೇ ಹೊರತು ತಮ್ಮತಮ್ಮೊಳಗಲ್ಲ. ಮೂರನೆಯದು ದಾರಿಯಲ್ಲೇ ಸೆಲ್ಫಿ ತೆಗೆದು ಗುಂಪಿಗೆ ಹಾಕುವುದು; ಹಾಕಿದ ಮರುಕ್ಷಣದಿಂದ ನಲವತ್ತು ಜನರ ಅಭಿನಂದನೆ, ಚುಚ್ಚುಮಾತುಗಳು ಕಾರಿನೊಳಗೆ ಬಂದು ಕೂರುತ್ತವೆ. ನಾಲ್ಕನೆಯದಾಗಿ, ಬಿಲ್ಲಿಗಾಗಿ ಕೌಂಟರಿನ ಮುಂದೆ ನಡೆಯುವ ಜಗ್ಗಾಟ. ಪ್ರತಿ ಸಲವೂ "ನಾನು ಕೊಡ್ತೀನಿ" ಎಂದು ಗೆಲ್ಲುವವರು ಔದಾರ್ಯ ತೋರಿಸಿದೆವೆಂದುಕೊಂಡರೂ ಸೋತವರಿಗೆ ಅದು ತನ್ನ ಸ್ಥಿತಿಯ ಮೇಲಿನ ಟಿಪ್ಪಣಿಯಾಗಿ ಕೇಳಿಸುತ್ತದೆ.

ಹಾಡಿನ ಆಯ್ಕೆಯನ್ನು ಸಣ್ಣ ವಿಷಯವೆಂದು ಬಿಡುವವರುಂಟು. ಹಳೆಯ ಚಿತ್ರಗೀತೆಗಳನ್ನು ಒಂದರ ಹಿಂದೊಂದು ಹಾಕಿ ಭಾವುಕತೆಯನ್ನು ಬಲವಂತವಾಗಿ ಎಬ್ಬಿಸುವುದಕ್ಕಿಂತ ರೇಡಿಯೋದಲ್ಲಿ ಬಂದದ್ದನ್ನು ಕೇಳುವುದೇ ಮೇಲು.

ಎಚ್ಚರಿಕೆಗಳು

ಬಿಸಿಯಾದ ಮಾತು ಚಾಲಕರ ಗಮನವನ್ನು ಮೊಬೈಲಿನಂತೆಯೇ ಕದಿಯಬಲ್ಲದು. ಹಳೆಯ ಜಗಳ ತಾನಾಗಿಯೇ ಕಾರಿನಲ್ಲಿ ಎದ್ದರೆ, ವಿಶೇಷವಾಗಿ ಅರಬೈಲು ಅಥವಾ ಗೇರುಸೊಪ್ಪೆಯ ಘಟ್ಟದ ತಿರುವುಗಳಲ್ಲಿ, ಪಕ್ಕದಲ್ಲಿ ಕುಳಿತವರೇ "ನಿಲ್ಲಿಸಿ ಮಾತಾಡೋಣ" ಎನ್ನಬೇಕು. ಹೆದ್ದಾರಿಯ ಅಂಚಿನಲ್ಲಲ್ಲ, ಪೆಟ್ರೋಲ್ ಬಂಕಿನಲ್ಲೋ ಹೋಟೆಲಿನ ಅಂಗಳದಲ್ಲೋ. ಎರಡು ಗಂಟೆಗೊಮ್ಮೆ ವಿಶ್ರಾಂತಿ, ರಾತ್ರಿ ಚಾಲನೆಯ ವರ್ಜನೆ, ಮಧ್ಯಾಹ್ನದ ಭಾರಿ ಊಟದ ನಂತರ ಸ್ವಲ್ಪ ನಿದ್ದೆ ಇವು ಎಲ್ಲ ಪ್ರವಾಸಿಗರಿಗೂ ಗೊತ್ತಿರುವ ನಿಯಮಗಳೇ. ಹೆದ್ದಾರಿಯಲ್ಲಿ ತೊಂದರೆಯಾದರೆ 1033, ಯಾವುದೇ ತುರ್ತಿಗೆ 112 ಸಂಖ್ಯೆಗೆ ಕರೆ ಮಾಡಬಹುದು. ಕಾರು ಬಾಡಿಗೆಯದಾದರೆ, ಬಾಡಿಗೆದಾರರೇ ಓಡಿಸಲು ಪರವಾನಗಿಯಿರುವ, ಕಪ್ಪು ಫಲಕದಲ್ಲಿ ಹಳದಿ ಅಕ್ಷರಗಳಿರುವ ವಾಹನವನ್ನೇ ಪಡೆದು, ಓಡಿಸಲಿರುವ ಇಬ್ಬರ ಹೆಸರನ್ನೂ ಒಪ್ಪಂದದಲ್ಲಿ ನಮೂದಿಸಬೇಕು.

ಮಳೆಗಾಲದಲ್ಲಿ ಈ ಮಾದರಿಯ ದಾರಿ ಬೇಡ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು 66ನೇ ಹೆದ್ದಾರಿಯ ಮೇಲಿದ್ದವರು ಪ್ರಾಣ ಕಳೆದುಕೊಂಡದ್ದು ಮರೆಯುವಂಥದ್ದಲ್ಲ. ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆಯಿಂದ ಜನವರಿಯವರೆಗಿನ ಕಾಲ ಸೂಕ್ತ. ಜೋಗದಲ್ಲಿ ನೀರು ಕಡಿಮೆಯಿದ್ದರೂ ಈ ಪ್ರವಾಸದ ಉದ್ದೇಶಕ್ಕೆ ಕೊರತೆಯಾಗದು.

ಮದ್ಯದ ವಿಷಯವನ್ನು ಬೇರೆಯಾಗಿಯೇ ಹೇಳಬೇಕಾಗಿದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದು ವಾಹನ ಓಡಿಸುವುದು ಅಪರಾಧ. ಆದರೆ ಚಾಲನೆ ಇಲ್ಲದ ಸಂಜೆಯಲ್ಲೂ, ಗುಟುಕು ಹಾಕಿದರೆ ಮನಸ್ಸು ಬಿಚ್ಚುತ್ತದೆಂಬ ಜನಪ್ರಿಯ ನಂಬಿಕೆಯನ್ನು ಆಧರಿಸಿ ಹಳೆಯ ವಿಷಯ ಎತ್ತುವುದು ತರವಲ್ಲ. ಅಮಲಿನಲ್ಲಿ ಕೇಳಿದ ಕ್ಷಮೆಯನ್ನು ಬೆಳಗ್ಗೆ ಇಬ್ಬರೂ ನೆನಪಿಲ್ಲವೆಂದು ನಟಿಸಬೇಕಾಗುತ್ತದೆ, ಅಮಲಿನಲ್ಲಿ ಆಡಿದ ಬೈಗುಳ ಮಾತ್ರ ಸ್ಪಷ್ಟವಾಗಿ ನೆನಪಿರುತ್ತದೆ.

ಯಾರೊಡನೆ ಹೋಗಲೇಬಾರದು ಎಂಬುದೂ ತಿಳಿದಿರಲಿ. ಹಿಂದೆ ಕೈಮಾಡಿದವರು, ಬೆದರಿಸಿದವರು, ಈಗಲೂ ಮೋಸದ ವ್ಯವಹಾರದಲ್ಲಿರುವವರು, ಸಂಪರ್ಕ ಬೇಡವೆಂದು ಸ್ಪಷ್ಟವಾಗಿ ಹೇಳಿದವರು ಇವರ ವಿಷಯದಲ್ಲಿ ಬಾಲ್ಯದ ನಂಟು ಯಾವ ವಿನಾಯಿತಿಯನ್ನೂ ಕೊಡುವುದಿಲ್ಲ. ಇತರರೊಡನೆ ಹೊರಡುವಾಗಲೂ ದಾರಿ, ವಸತಿಯ ವಿವರ, ವಾಹನದ ಸಂಖ್ಯೆ ಮನೆಯಲ್ಲಿ ಒಬ್ಬರಿಗೆ ತಿಳಿದಿರಬೇಕು. ಮಾತು ಕೆಟ್ಟು ಮುಂದುವರಿಯುವುದು ಅಸಾಧ್ಯವಾದರೆ ಹುಬ್ಬಳ್ಳಿ, ಕುಮಟಾ, ಶಿವಮೊಗ್ಗ ಮೂರೂ ಕಡೆ ರೈಲು ಮತ್ತು ಬಸ್ಸಿನ ಸೌಕರ್ಯವಿದೆ ಎಂಬುದನ್ನು ಮೊದಲೇ ಗಮನದಲ್ಲಿಟ್ಟುಕೊಂಡಿದ್ದರೆ ಸಿಕ್ಕಿಹಾಕಿಕೊಂಡೆವೆಂಬ ಭಾವನೆ ಇಬ್ಬರಿಗೂ ಬರುವುದಿಲ್ಲ.

ಮರಳಿದ ಮೇಲೆ

ಡೀಸೆಲ್ ಮತ್ತು ಟೋಲಿನ ಲೆಕ್ಕವನ್ನು ಎರಡು ದಿನದೊಳಗೆ ಕಳಿಸಿ ಚುಕ್ತಾ ಮಾಡಿಕೊಳ್ಳಬೇಕು. ಅದನ್ನು "ಇರಲಿ ಬಿಡು" ಎಂದು ಬಿಟ್ಟರೆ ಮುಂದಿನ ಫೋನಿಗೆ ಅದೇ ಅಡ್ಡ ಬರುತ್ತದೆ. ಪ್ರವಾಸದ ಬಿಸಿಯಲ್ಲಿ ದಿನವೂ ಕರೆ ಮಾಡಿ ತಿಂಗಳೊಳಗೆ ದಣಿಯುವುದಕ್ಕಿಂತ, ಹತ್ತು-ಹದಿನೈದು ದಿನ ಬಿಟ್ಟು ಒಂದು ನಿರ್ದಿಷ್ಟ ವಿಷಯಕ್ಕೆ, ತಾಯಿಯ ಮಂಡಿಗೆ ಡಾಕ್ಟರು ಏನೆಂದರು, ಮಗಳ ಫಲಿತಾಂಶ ಬಂತೇ ಎಂದು ವಿಚಾರಿಸುವುದು ಹೆಚ್ಚು ಬಾಳಿಕೆಯದು. ಫೋಟೋಗಳನ್ನು ಇನ್ನೊಬ್ಬರಿಗೆ ಮಾತ್ರ ಕಳಿಸಿ, ಗುಂಪಿಗೆ ಹಾಕುವುದೋ ಬಿಡುವುದೋ ಎಂಬುದನ್ನು ಕೇಳಿಯೇ ತೀರ್ಮಾನಿಸಬೇಕು. ಎರಡು ಮನೆಗಳವರನ್ನೂ ಊಟಕ್ಕೆ ಸೇರಿಸುವ ಆತುರ ಬೇಡ. ಮುನಿಸಿನ ಕಾಲದಲ್ಲಿ ಎರಡೂ ಮನೆಗಳಲ್ಲಿ ಬೇರೆ ಬೇರೆ ಕಥೆಗಳು ಚಾಲ್ತಿಯಲ್ಲಿದ್ದವಾದ್ದರಿಂದ, ಅವರವರ ಮನೆಯಲ್ಲಿ ಅವರವರೇ ಅದನ್ನು ಮೊದಲು ತಿಳಿಗೊಳಿಸಿದ ಮೇಲೆ ದೀಪಾವಳಿಗೋ ಮನೆದೇವರ ಪೂಜೆಗೋ ಕರೆಯುವುದು ಸರಿ. ಪ್ರವಾಸ ಸುಖವಾಗಿಯೇ ಮುಗಿದು, ಆಮೇಲೆ ಆ ಕಡೆಯಿಂದ ಕರೆಗಳು ವಿರಳವಾದರೆ ಅದನ್ನು ಎರಡನೆಯ ಅಗಲಿಕೆಯೆಂದು ಎಣಿಸಬೇಕಾಗಿಲ್ಲ. ವರ್ಷಕ್ಕೊಮ್ಮೆ ಭೇಟಿಯಾಗಿ, ಮದುವೆ-ಸಾವುಗಳಿಗೆ ತಪ್ಪದೆ ಹೋಗಿಬರುವಷ್ಟು ಸ್ನೇಹವೇ ಅನೇಕರಿಗೆ ಈ ವಯಸ್ಸಿನಲ್ಲಿ ಸಾಧ್ಯವಾಗುವಂಥದ್ದು, ಮತ್ತು ಅದಕ್ಕೂ ಮುಂದಿನ ವರ್ಷದ ದಿನಾಂಕವೊಂದನ್ನು ಈಗಲೇ ಗೊತ್ತುಮಾಡಿಕೊಳ್ಳುವುದು ಒಳಿತು.